ಜೈಲಿಂದ ಬಂದವನಿಗೆ ಚರ್ಚ್ ಸಭೆಯಲ್ಲಿ ಸೇವೆ ಕೊಡ್ತಿಲ್ಲ ಅಂದರೆ

ಜೈಲಿಂದ ಬಂದು ದೀಕ್ಷಾಸ್ನಾನ ಆಗಿ ಎಂಟು ತಿಂಗಳಾದರೂ ಪಾಸ್ಟರ್ ಯೌವನಸ್ಥರ ಸೇವೆ (ಯುವಕರ ಗುಂಪು ನೋಡಿಕೊಳ್ಳೋ ಕೆಲಸ) ಕೊಡುತ್ತಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ಹಳೇ ಕೇಸಲ್ಲ, ನೀವಿನ್ನೂ ಹೊಸಬರು ಅನ್ನೋದು. ಬೈಬಲಿನ 1 ತಿಮೊಥೆ 3:6 ನೋಡಿ, ಸಭೆ ನಡೆಸೋ ಹೊಣೆ ಹೊಸ ವಿಶ್ವಾಸಿಗೆ ಬೇಡ ಅಂತಲೇ ಇದೆ. ಮೊದಲು ನಿಮ್ಮನ್ನು ಹತ್ತಿರದಿಂದ ಬಲ್ಲ ಒಬ್ಬ ಹಿರಿಯರನ್ನು ಹಿಡಿಯಿರಿ. ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ ಸೌಲ (ಮುಂದೆ ಪೌಲ) ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಯೇಸುವಿನ ಶಿಷ್ಯರೆಲ್ಲ ಹೆದರಿದ್ದರು, ಸಭೆಯವನೇ ಆದ ಬಾರ್ನಬ ಜೊತೆಗೆ ನಿಂತು ಮಾತಾಡಿದ ಮೇಲೇ ಸೇರಿಸಿಕೊಂಡದ್ದು, ಅಲ್ವಾ? ಆಮೇಲೆ ಅವರ ಜೊತೆ ಹೋಗಿ ಪಾಸ್ಟರಿಗೆ ಕೇಸಿನ ವಿಷಯ ಪೂರ್ತಿ ಹೇಳಿಬಿಡಿ. ಬೇರೆಯವರ ಬಾಯಿಂದ ಗೊತ್ತಾದರೆ ಕಷ್ಟ, ನನಗೆ ಹಾಗೇ ಆಯ್ತು. ಅಲ್ಲಿವರೆಗೆ ಕುರ್ಚಿ ಹಾಕೋದು, ಪಾತ್ರೆ ತೊಳೆಯೋದು ಕೇಳಿ ಮಾಡಿ. ಕಾಣಿಕೆ ದುಡ್ಡು ಎಣಿಸೋಕೆ ಮಾತ್ರ ಸದ್ಯ ಹೋಗಬೇಡಿ. ನನಗೆ ಸೇವೆ ಸಿಗೋಕೆ ಎರಡು ವರ್ಷ ಹಿಡಿಯಿತು. ನಿಮಗೆ ಜಾಸ್ತಿಯೋ ಕಡಿಮೆಯೋ, ಸುಮ್ನೆ ಕಾಯದೆ ಪಾಸ್ಟರನ್ನೇ ನೇರವಾಗಿ ಕೇಳಿ.