ಪಶ್ಚಿಮದ ಗಾಜಿಗೆ ಸ್ವಿಚ್ ಒತ್ತಿದರೆ ಹಾಲುಬಣ್ಣವಾಗುವ ಫಿಲ್ಮ್ ಹಾಕಿಸಿದರೆ ಎಸಿ ಖರ್ಚು ಇಳಿಯುತ್ತದೆಯೇ?

ನೀವು ಕೇಳಿದ್ದು ಬೆಂಗಳೂರಿನ ಆಫೀಸಿನ ಪಶ್ಚಿಮದ ಗೋಡೆಯ 10 ಚದರ ಮೀಟರ್ ಗಾಜಿನ ಬಗ್ಗೆ. ಮಾರುವವರು ಏನೇ ಹೇಳಲಿ, ಆ ಫಿಲ್ಮಿನಿಂದ ಎಸಿ ಬಿಲ್ ಲೆಕ್ಕಕ್ಕೆ ಸಿಗುವಷ್ಟು ಇಳಿಯುವುದಿಲ್ಲ.

ಅದು ಪಿಡಿಎಲ್‌ಸಿ ಫಿಲ್ಮ್. ಪ್ಲಾಸ್ಟಿಕ್ ಪದರದೊಳಗೆ ದ್ರವ ಹರಳಿನ ಸಣ್ಣ ಹನಿಗಳಿರುತ್ತವೆ. ಕರೆಂಟ್ ಇಲ್ಲದಾಗ ಒಂದೊಂದು ಹನಿಯ ಹರಳು ಒಂದೊಂದು ದಿಕ್ಕಿಗೆ ತಿರುಗಿರುವುದರಿಂದ ಬೆಳಕು ಚದುರುತ್ತದೆ, ಗಾಜು ಹಾಲಿನಂತೆ ಕಾಣುತ್ತದೆ. ಆದರೆ ಚದುರಿದ ಬೆಳಕಿನ ಬಹುಪಾಲು ಹಿಂದಕ್ಕೆ ಹೋಗದೆ ನಿಮ್ಮ ಕೋಣೆಗೇ ಬರುತ್ತದೆ. ಹೊರಗಿನವರಿಗೆ ಒಳಗಿನದು ಕಾಣದು, ಬಿಸಿಲಿನ ಶಾಖವಂತೂ ಒಳಗೇ. ಅನುಮಾನವಿದ್ದರೆ ಅಂಗಡಿಯಲ್ಲೇ ಪರೀಕ್ಷಿಸಿ: 500 ವ್ಯಾಟ್ ಹ್ಯಾಲೊಜೆನ್ ದೀಪವನ್ನು ಗಾಜಿನ ಒಂದು ಕಡೆ ಇಟ್ಟು, ಇನ್ನೊಂದು ಕಡೆ ಅಂಗೈ ಹಿಡಿದು, ಸ್ವಿಚ್ ಹಾಕಿ ತೆಗೆದು ನೋಡಿ. ಕೈಗೆ ಹೆಚ್ಚೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೀಟಿಂಗ್ ರೂಮಿನ ಒಳಗಿನ ಪಾರ್ಟಿಷನ್‌ಗೆ ಇದು ಚೆನ್ನಾದ ವಸ್ತು, ಅಷ್ಟೇ.

ಶಾಖ ತಡೆಯುವುದು ಎಲೆಕ್ಟ್ರೋಕ್ರೋಮಿಕ್ ಗಾಜು. ಟಂಗ್‌ಸ್ಟನ್ ಆಕ್ಸೈಡಿನ ತೆಳು ಪದರಕ್ಕೆ ಲಿಥಿಯಂ ಅಯಾನುಗಳನ್ನು ನುಗ್ಗಿಸಿದರೆ ಅದು ಕಡುನೀಲಿಯಾಗುತ್ತದೆ, ಹೊರಗೆಳೆದರೆ ತಿಳಿಯಾಗುತ್ತದೆ. ಬ್ಯಾಟರಿಯ ಚಾರ್ಜ್–ಡಿಸ್ಚಾರ್ಜ್ ಇದ್ದಂತೆಯೇ. 5 ವೋಲ್ಟಿಗಿಂತ ಕಡಿಮೆ ಡಿಸಿ ಕರೆಂಟ್ ಸಾಕು, ಒಮ್ಮೆ ಬಣ್ಣ ಬದಲಾದ ಮೇಲೆ ಅದನ್ನು ಉಳಿಸಿಕೊಳ್ಳಲು ಕರೆಂಟ್ ಹೆಚ್ಚುಕಡಿಮೆ ಬೇಡವೇ ಬೇಡ.

ಈಗ ಲೆಕ್ಕ. ಬೇಸಿಗೆಯ ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ ಎಂದಿಟ್ಟುಕೊಳ್ಳಿ. ಬಿದ್ದ ಶಾಖದಲ್ಲಿ ಎಷ್ಟು ಪಾಲು ಒಳಬರುತ್ತದೆ ಎನ್ನುವ ಅಂಕಿಗೆ ಎಸ್‌ಎಚ್‌ಜಿಸಿ ಎನ್ನುತ್ತಾರೆ. 6 ಮಿ.ಮೀ. ಸಾದಾ ಗಾಜಿಗೆ ಅದು ಸುಮಾರು 0.82, ಅಂದರೆ 10 ಚದರ ಮೀಟರಿಗೆ 4.9 ಕಿಲೋವ್ಯಾಟ್. ಒಂದು ಟನ್ ಎಸಿ ಹೊರಹಾಕುವುದು 3.5 ಕಿಲೋವ್ಯಾಟ್ ಮಾತ್ರ! ಎಲೆಕ್ಟ್ರೋಕ್ರೋಮಿಕ್ ಡಬಲ್ ಗ್ಲೇಜಿಂಗ್ (ನಡುವೆ ಅಂತರ ಬಿಟ್ಟು ಜೋಡಿಸಿದ ಎರಡು ಗಾಜು) ತಿಳಿಯಾಗಿದ್ದಾಗ ಸುಮಾರು 0.41, ಪೂರ್ತಿ ಕಪ್ಪಾದಾಗ 0.09, ಅಂದರೆ ಅರ್ಧ ಕಿಲೋವ್ಯಾಟ್ ಚಿಲ್ಲರೆ.

ಮಾರುವವರು ತೋರಿಸುವುದು 4.9 ಮತ್ತು 0.5ರ ನಡುವಿನ ಅಂತರವನ್ನು. ನೀವು ಹೋಲಿಸಬೇಕಾದದ್ದು ಸೋಲಾರ್ ಕಂಟ್ರೋಲ್ ಲೋ-ಇ ಗಾಜಿನ ಜೊತೆ, ಅಂದರೆ ಬಿಸಿಲಿನ ಶಾಖ ತಡೆಯುವ ತೆಳು ಲೇಪವಿರುವ, ಬಣ್ಣ ಬದಲಿಸದ ಗಾಜಿನ ಜೊತೆ. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಬಂದ ಇಸಿಬಿಸಿ 2017 ಎಂಬ ಇಂಧನ ಉಳಿತಾಯ ಸಂಹಿತೆ ಪಶ್ಚಿಮಕ್ಕೆ ಕೇಳಿದ್ದೇ ಗರಿಷ್ಠ 0.27 ಎಸ್‌ಎಚ್‌ಜಿಸಿ. ಅಂಥ ಗಾಜಿನಲ್ಲಿ ಒಳಬರುವುದು 1.6 ಕಿಲೋವ್ಯಾಟ್. ಎಲೆಕ್ಟ್ರೋಕ್ರೋಮಿಕ್‌ಗೆ ಹಲವು ಪಟ್ಟು ದುಡ್ಡು ಸುರಿದರೆ ಬಿಸಿಲೇರಿದ ಹೊತ್ತಿನಲ್ಲಿ ಮಿಗುವುದು ಇನ್ನೊಂದು 1.1 ಕಿಲೋವ್ಯಾಟ್, ಅದೂ ಆ ನಾಲ್ಕೈದು ಗಂಟೆ. ನಿಮ್ಮ ಅಳತೆಯ ಆಫೀಸಿಗೆ ಇದು ಗಿಟ್ಟುವ ವ್ಯವಹಾರವಲ್ಲ ಎಂಬುದೇ ನನ್ನ ಅಭಿಪ್ರಾಯ. ಗಾಜಿನ ಹೊರಗೆ ಬಿದಿರಿನ ತಟ್ಟಿಯನ್ನೋ ನಿಲುವು ಅಲ್ಯುಮಿನಿಯಂ ಪಟ್ಟಿಗಳನ್ನೋ ಹಾಕಿಸಿ. ಪಶ್ಚಿಮದ ಸೂರ್ಯ ತಗ್ಗಿನಲ್ಲಿರುತ್ತಾನೆ, ಅಲ್ಲಿ ಸಜ್ಜಾ ಉಪಯೋಗಕ್ಕೆ ಬರುವುದಿಲ್ಲ. ಪರದೆ ಒಳಗಿದ್ದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ, ಆದ್ದರಿಂದ ಹೊರಗೇ ಇರಲಿ.

ಹೊರಗೆ ಏನೂ ಕಟ್ಟುವಂತಿಲ್ಲ, ನೋಟವೂ ಬೇಕು ಎಂದಾದರೆ ಮಾತ್ರ ಎಲೆಕ್ಟ್ರೋಕ್ರೋಮಿಕ್. ಆಗ ಕೆಲವು ವಿಷಯ ನೋಡಿಕೊಳ್ಳಿ. ಬಣ್ಣದ ಲೇಪ ಹೊರಗಿನ ಗಾಜಿನ ಒಳಮೈಯಲ್ಲಿರಬೇಕು. ಕಪ್ಪಾದ ಗಾಜು ಶಾಖವನ್ನು ತಾನೇ ಹೀರಿ ಕಾಯುತ್ತದೆ, ಆ ಬಿಸಿ ಹೊರಗೇ ಹೋಗಬೇಕು. ಡಬಲ್ ಗ್ಲೇಜಿಂಗನ್ನು ತಿರುಗಿಸಿ ಕೂರಿಸಿದರೆ ಅದೇ ಒಂದು ಹೀಟರ್. ಅರ್ಧಕ್ಕೆ ಕಂಬದ ನೆರಳು, ಅರ್ಧಕ್ಕೆ ಬಿಸಿಲು ಬೀಳುವ ಜಾಗದಲ್ಲಿ ಕಾದ ಭಾಗ ಹಿಗ್ಗಿ, ತಂಪು ಅಂಚಿನಿಂದ ಬಿರುಕು ಏಳುತ್ತದೆ, ಹಾಗಾಗಿ ಹೊರಗಿನ ಗಾಜು ಕಾಯಿಸಿ ಗಟ್ಟಿ ಮಾಡಿದ್ದು (ಟಫನ್ಡ್ ಅಥವಾ ಹೀಟ್ ಸ್ಟ್ರೆಂಥನ್ಡ್) ಆಗಿರಲೇಬೇಕು. ದೊಡ್ಡ ಹಲಗೆ ಪೂರ್ತಿ ಕಪ್ಪಾಗಲು ಹತ್ತಿಪ್ಪತ್ತು ನಿಮಿಷ ಬೇಕು, ಅಂಚಿನಿಂದ ನಡುವಿಗೆ ಬಣ್ಣ ಹರಿಯುತ್ತದೆ. ಅದು ದೋಷವಲ್ಲ. ಬಿಸಿಲು ಕಣ್ಣಿಗೆ ಹೊಡೆದ ಮೇಲೆ ಸ್ವಿಚ್ ಒತ್ತಿದರೆ ತಡವಾಯಿತು, ಸೆನ್ಸರ್ ಅಥವಾ ಟೈಮರ್ ಇಡಿಸಿ.

ವಾರಂಟಿ ಓದುವಾಗ ಕಂಪನಿಯ ಆಯುಸ್ಸನ್ನೂ ಲೆಕ್ಕ ಹಾಕಿ. ಈ ಗಾಜು ಮಾಡುವವರು ಬೆರಳೆಣಿಕೆಯಷ್ಟು, ಅವರಲ್ಲಿ ಅಮೆರಿಕದ ವ್ಯೂ (View) ಕಂಪನಿ 2024ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಮೀಟಿಂಗ್ ರೂಮಿಗೆ ಪಿಡಿಎಲ್‌ಸಿ ಹಾಕಿಸುವುದಾದರೆ ಒಂದು ಮಾತು: ಅಂಚಿಗೆ ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಹಚ್ಚಲು ಬಿಡಬೇಡಿ. ಅದರ ಆಮ್ಲ ಫಿಲ್ಮಿಗೆ ಕರೆಂಟ್ ಕೊಡುವ ತಾಮ್ರದ ಪಟ್ಟಿಯನ್ನೂ ಕರೆಂಟ್ ಹರಡುವ ವಾಹಕ ಪದರವನ್ನೂ ತಿನ್ನುತ್ತದೆ, ಅಂಚಿನಿಂದ ಬಿಳಿ ಪಟ್ಟೆ ಶುರುವಾಗುತ್ತದೆ. ನ್ಯೂಟ್ರಲ್ ಸಿಲಿಕೋನ್ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನು ನೀವೇ ಓದಿ. ಫಿಲ್ಮಿಗೆ ಹೋಗುವುದು 60 ವೋಲ್ಟ್ ಆಸುಪಾಸಿನ ಪರ್ಯಾಯ ವಿದ್ಯುತ್, ಅದಕ್ಕೆ ಮುಖ್ಯ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಬೇಕು. ತಂತಿ ಅಲ್ಯುಮಿನಿಯಂ ಚೌಕಟ್ಟನ್ನು ದಾಟುವ ತೂತಿಗೆ ರಬ್ಬರ್ ಬಳೆ (ಗ್ರೋಮೆಟ್) ಹಾಕಿಸಿ, ಇಲ್ಲದಿದ್ದರೆ ಲೋಹದ ಅಂಚು ತಂತಿಯ ಹೊದಿಕೆಯನ್ನು ಕೊಯ್ಯುತ್ತದೆ.