ಮನೆ ಮಾರಿ ದೋಣಿಯಲ್ಲೇ ಇದ್ದುಬಿಡಬಹುದಾ?

ಮಂಗಳೂರಿನ ಫ್ಲ್ಯಾಟ್ ಮಾರಿ, ಹಳೆಯ ಮರದ ದೋಣಿ ತಗೊಂಡು, ಕಾಸರಗೋಡಿನ ಹಿನ್ನೀರಿನಲ್ಲಿ ಗಂಡ ಹೆಂಡತಿ ಸ್ವತಂತ್ರವಾಗಿ ಇರಬಹುದಾ ಅಂತ ಕೇಳಿದ್ದೀರಿ. ನಾನು ಇದನ್ನೇ ಮಾಡಿದವನು. 2017ರಲ್ಲಿ ದುಬೈ ಕೆಲಸ ಬಿಟ್ಟು ಊರಿಗೆ ಬಂದೆ. ಕುಂಬಳೆ ಹತ್ತಿರದ ಅಪ್ಪನ ಮನೆಯಲ್ಲಿ ನನ್ನ ಪಾಲನ್ನು ಅಣ್ಣನಿಗೆ ಬರೆದುಕೊಟ್ಟೆ. ಆ ಹಣದಲ್ಲಿ 32 ಅಡಿಯ ಹೆಬ್ಬಲಸಿನ ದೋಣಿ ಕೊಂಡು ಮೇಲೊಂದು ಕೋಣೆ ಕಟ್ಟಿಸಿದೆ. ಗ್ಯಾಸ್ ಒಲೆ, ಎರಡು ಸೋಲಾರ್ ಪ್ಲೇಟ್, ಡೀಸೆಲ್ ಎಂಜಿನ್. ಅಷ್ಟೇ ಸಂಸಾರ.

ಸುಖ ಇಲ್ಲ ಅಂತ ಹೇಳಲಾರೆ. ನೀಲೇಶ್ವರದ ಕೊಟ್ಟಪ್ಪುರದಿಂದ ಹೊರಟು ದಕ್ಷಿಣಕ್ಕೆ ಹೋದರೆ ವಲಿಯಪರಂಬ ದ್ವೀಪ ಸಿಗುತ್ತದೆ. ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಒಂದು ಬದಿ ಹಿನ್ನೀರು, ಇನ್ನೊಂದು ಬದಿ ಸಮುದ್ರ. ರಾತ್ರಿ ಲಂಗರು ಹಾಕಿ ಮಲಗಿದರೆ ದೋಣಿಯ ಕೆಳಗೆ ನೀರು ಅಲ್ಲಾಡುವುದಿಲ್ಲ, ಆದರೆ ತೆಂಗಿನ ಸಾಲಿನ ಆಚೆಯಿಂದ ಕಡಲಿನ ಮೊರೆತ ಕೇಳುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದು ಚಹಾ ಕುಡಿದು, ಇವತ್ತು ಇದೇ ಹಿನ್ನೀರಿನ ಕವ್ವಾಯಿಗೆ ಹೋಗೋಣ ಅನಿಸಿದರೆ ಹೊರಟೆ. ಬೇಡ ಅನಿಸಿದರೆ ಅಲ್ಲೇ ಉಳಿದೆ. ಆ ತರಹದ ಬೆಳಗು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಪೂರ್ತಿ ಓದಿ, ಯಾಕೆಂದರೆ ನೀವು ಅದೇ ದಾರಿಯಲ್ಲಿದ್ದೀರಿ.

ಕೊಂಡಾಗ ದೋಣಿಯನ್ನು ದಡಕ್ಕೆ ಎಳೆದು, ಒಣಗಿಸಿ, ಅಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಸಿದ್ದೆ. ಇಲ್ಲಿ ಮರದ ದೋಣಿಗೆ ಆ ಎಣ್ಣೆ ಇಲ್ಲವೇ ಬೂತಾಯಿ ಮೀನಿನ ಎಣ್ಣೆ ಹಚ್ಚುವುದು ಹಳೆಯ ಪದ್ಧತಿ. ಕೆಲಸ ಮಾಡಿದ ಮುದುಕ ಆಶಾರಿ, ಅಂದರೆ ಬಡಗಿ, ಹೋಗುವಾಗ ಹೇಳಿದ್ದರು: "ಮಗನೇ, ವರ್ಷಕ್ಕೆ ಎರಡು ಸಲ ದೋಣಿಯನ್ನು ದಡದ ಮೇಲೆ ಹಾಕು. ಮರೆಯಬೇಡ." ನಾನು ಹೂಂ ಅಂದೆ. ಮೊದಲ ವರ್ಷ ಹಾಕಲಿಲ್ಲ. ಏನೂ ಆಗಲಿಲ್ಲ. ಎಣ್ಣೆ ಹೊಸದಿತ್ತು, ಮೇಲಾಗಿ ಮಳೆಗಾಲ ಪೂರ್ತಿ ನಾನು ಹೊಳೆಯ ಮೇಲ್ಭಾಗದಲ್ಲಿ, ಸಿಹಿನೀರಿನಲ್ಲಿದ್ದೆ. ದೋಣಿ ಗಟ್ಟಿಯಾಗಿದೆ ಅಂತ ಧೈರ್ಯ ಬಂತು.

ಎರಡನೆಯ ವರ್ಷವೂ ಹಾಕಲಿಲ್ಲ. ಸೋಮಾರಿತನ ಅಲ್ಲ. ಮನೆಯನ್ನೇ ದಡಕ್ಕೆ ಎಳೆದು ಹಾಕಿದರೆ ನಾನು ಎಲ್ಲಿ ಮಲಗಲಿ? ಪಾತ್ರೆ, ಬಟ್ಟೆ, ಬ್ಯಾಟರಿ ಎಲ್ಲಿ ಇಡಲಿ? ಎಳೆಯಲು ಜನ ಬೇಕು, ಹಾಕಲು ಯಾರದಾದರೂ ಜಾಗ ಬೇಕು, ಮರ ಒಣಗಲು ವಾರಗಳು ಬೇಕು. ಪ್ರತಿ ತಿಂಗಳೂ ಮುಂದಿನ ತಿಂಗಳು ಅಂದೆ. ದಡದಲ್ಲಿ ನನಗೆ ಒಂದಡಿ ನೆಲವೂ ಉಳಿದಿರಲಿಲ್ಲ.

ಆ ಬೇಸಿಗೆ ಹೆಚ್ಚಿನ ದಿನ ಪಯ್ಯನ್ನೂರು ಬದಿಯಲ್ಲೇ ಇದ್ದೆ. 1930ರಲ್ಲಿ ಕೇರಳದ ಸ್ವಾತಂತ್ರ್ಯ ಹೋರಾಟಗಾರ ಕೆ. ಕೇಳಪ್ಪನ್ ಉಪ್ಪಿನ ಸತ್ಯಾಗ್ರಹ ಮಾಡಿದ ಉಳಿಯತ್ತು ಕಡವು ಅಲ್ಲೇ ಇದೆ. ಉಪ್ಪು ತೆಗೆಯುವಷ್ಟು ಉಪ್ಪಿರುವ ನೀರು. ನೋಡಲು ಬಂದ ಗೆಳೆಯರಿಗೆಲ್ಲ ಆ ಕಥೆ ಹೇಳುತ್ತಿದ್ದೆ. ಅದೇ ಉಪ್ಪು ನೀರು ನನ್ನ ಹಲಗೆಗೆ ಏನು ತರುತ್ತದೆ ಅಂತ ಒಮ್ಮೆಯೂ ಯೋಚಿಸಲಿಲ್ಲ.

ಜನವರಿಯಲ್ಲಿ ತಳದ ನೀರನ್ನು ದಿನಕ್ಕೊಮ್ಮೆ ಪಂಪ್ ಮಾಡುತ್ತಿದ್ದೆ. ಮಾರ್ಚಿನಲ್ಲಿ ಮೂರು ಸಲ. ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವ ಜಾಗದಲ್ಲಿ ಸ್ವಲ್ಪ ನೀರು ಒಸರುವುದು ಮಾಮೂಲು. ಹಾಗಾಗಿ ಅಲ್ಲಿಂದಲೇ ಅಂದುಕೊಂಡು ಬಿಗಿ ಮಾಡಿದೆ. ಮತ್ತೆ ಬಿಗಿ ಮಾಡಿದೆ. ಮೇ ತಿಂಗಳ ಒಂದು ರಾತ್ರಿ ಪಂಪ್ ನಿಲ್ಲಲೇ ಇಲ್ಲ. ಮಂಚದ ಹಲಗೆ ಎತ್ತಿ, ತಳದ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಮರ ಕೊರೆಯುವ ಹುಳ. ಹುಳ ಅಂತಾರೆ, ಆದರೆ ಅದು ಚಿಪ್ಪಿನ ಜಾತಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಸೇರುತ್ತದೆ. ಆಮೇಲೆ ಹೊರಗೆ ಬರುವುದಿಲ್ಲ, ಒಳಗೇ ಬೆಳೆಯುತ್ತಾ ಮರದ ಎಳೆ ಹಿಡಿದು ಕೊರೆಯುತ್ತದೆ. ಹೊರಗಿನಿಂದ ಹಲಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಜೇನುಗೂಡು. ಬ್ರಿಟಿಷ್ ನೌಕಾಪಡೆ 1761ರಲ್ಲಿ ತನ್ನ 'ಅಲಾರ್ಮ್' ಹಡಗಿನ ಅಡಿಗೆ ತಾಮ್ರದ ತಗಡು ಹೊಡೆದು ನೋಡಿದ್ದಕ್ಕೆ ಈ ಹುಳದ ಕಾಟವೂ ಒಂದು ಕಾರಣ.

ನನಗೆ ಹೆಚ್ಚು ಸಂಕಟ ಆದದ್ದು ಬೇರೆ ವಿಷಯಕ್ಕೆ. ನನ್ನ ಸುತ್ತಲೂ ಪಡನ್ನ ಊರಿನವರು ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯಿ ಅನ್ನುವ ತಿನ್ನುವ ಚಿಪ್ಪನ್ನು ಬೆಳೆಸುತ್ತಿದ್ದರು. ನಮ್ಮ ಕಡೆ ಪಚ್ಚಿಲೆ ಅಂತೀವಲ್ಲ, ಅದೇ. ಮಳೆಗೆ ಮೊದಲು ಅವಸರದಿಂದ ಎತ್ತುತ್ತಾರೆ, ಯಾಕೆಂದರೆ ಸಿಹಿನೀರು ಬಂದರೆ ಅದು ಸಾಯುತ್ತದೆ. ಹುಳವೂ ಹಾಗೆಯೇ. ಸಿಹಿನೀರಿನಲ್ಲಿ ಸಾಯುತ್ತದೆ, ದಡದಲ್ಲಿ ಒಣಗಿದರೂ ಸಾಯುತ್ತದೆ. ಎಲ್ಲ ನನ್ನ ಕಣ್ಣೆದುರೇ ಇತ್ತು. ಫೆಬ್ರವರಿಯಲ್ಲಿ ಮೂರು ವಾರ ಮೇಲೆ ಹಾಕಿ ಎಣ್ಣೆ ಹಚ್ಚಿದ್ದರೆ ಕೆಲವು ಸಾವಿರದಲ್ಲಿ ಮುಗಿಯುತ್ತಿತ್ತು. ಒಂಬತ್ತು ಹಲಗೆ ಬದಲಾಯಿಸಲು 2 ಲಕ್ಷದ 40 ಸಾವಿರ ಹೋಯಿತು.

ಆ ನಾಲ್ಕು ತಿಂಗಳು ಅಣ್ಣನ ಮನೆಯಲ್ಲಿದ್ದೆ. ನಾನು ಹುಟ್ಟಿ ಬೆಳೆದ ಕೋಣೆಯನ್ನೇ ಅತ್ತಿಗೆ ಖಾಲಿ ಮಾಡಿಕೊಟ್ಟರು. ಒಂದು ಮಾತೂ ಆಡಲಿಲ್ಲ. ನಾನು ಬರೆದುಕೊಟ್ಟಿದ್ದ ಕೋಣೆ ಅದು.

ಹಾಗಾಗಿ ನನ್ನ ಉತ್ತರ: ಮನೆ ಮಾರಬೇಡಿ. ದಡ ಬಿಟ್ಟರೆ ಸ್ವಾತಂತ್ರ್ಯ ಅಂತ ನೀವು ಅಂದುಕೊಂಡಿರುವುದು ಸರಿಯಲ್ಲ. ದೋಣಿಗೆ ವರ್ಷಕ್ಕೆ ಎರಡು ಸಲ ದಡ ಬೇಕೇ ಬೇಕು. ದಡದಲ್ಲಿ ನಿಮಗೆ ಜಾಗ ಇಲ್ಲದಿದ್ದರೆ ದೋಣಿಯನ್ನು ಮೇಲೆ ಹಾಕಲು ಮನಸ್ಸೇ ಬರುವುದಿಲ್ಲ, ನನ್ನ ಹಾಗೆ. ಫ್ಲ್ಯಾಟ್ ಬಾಡಿಗೆಗೆ ಕೊಡುವುದಾದರೂ ಒಂದು ಕೋಣೆ ನಿಮಗೆ ಅಂತ ಉಳಿಸಿಕೊಳ್ಳಿ. ನಾನು ಈಗ ಅಕ್ಟೋಬರಿನಿಂದ ಮೇ ತನಕ ದೋಣಿಯಲ್ಲಿ, ಮಳೆಗಾಲದಲ್ಲಿ ನೀಲೇಶ್ವರದ ಬಾಡಿಗೆ ಕೋಣೆಯಲ್ಲಿ ಇರುತ್ತೇನೆ. ದೋಣಿಯ ಸುಖ ಒಂದು ಚೂರೂ ಕಡಿಮೆಯಾಗಿಲ್ಲ.

ಫೈಬರ್ ದೋಣಿ ತಗೊಳ್ಳಬಹುದಾ ಅಂತ ಕೇಳಬಹುದು. ತಗೊಳ್ಳಿ, ಈ ಹುಳ ಅದನ್ನು ತಿನ್ನುವುದಿಲ್ಲ. ಆದರೆ ಚಿಪ್ಪು, ಪಾಚಿ ಅದಕ್ಕೂ ಹಿಡಿಯುತ್ತವೆ, ಕೆರೆದು ಬಣ್ಣ ಹಚ್ಚಲು ಅದನ್ನೂ ಮೇಲೆ ಹಾಕಬೇಕು. ಎಂಜಿನ್ ಇರುವ ದೋಣಿಗೆ ನೋಂದಣಿ, ಸರ್ವೆ (ಅಧಿಕೃತ ತಪಾಸಣೆ) ಎರಡೂ ಬೇಕು, ಅದನ್ನು ಮೊದಲೇ ವಿಚಾರಿಸಿ.

ಮರದ್ದೇ ಬೇಕು ಅಂತ ಇದ್ದರೆ, ನೋಡಲು ಹೋಗುವಾಗ ಒಂದು ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ನೀರಿನಲ್ಲಿ ತೇಲುತ್ತಿರುವ ದೋಣಿ ನೋಡಿ ಮುಂಗಡ ಕೊಡಬೇಡಿ. ಮೇಲೆ ಹಾಕಿ ತೋರಿಸಿ ಅನ್ನಿ. ಒಪ್ಪದಿದ್ದರೆ ಅವತ್ತೇ ರೈಲು ಹತ್ತಿ ವಾಪಸ್ ಹೋಗಿ.