ಕಣ್ಣಿನ ಕೆಳಗೆ ಹಚ್ಚುವ ಕ್ರೀಮ್, ಜೆಲ್, ಸೀರಮ್, ಪ್ಯಾಚ್: ಯಾವುದು ಯಾತಕ್ಕೆ?

ಎಲ್ಲದರ ಮೇಲೂ ‘ಡಾರ್ಕ್ ಸರ್ಕಲ್‌ಗೆ’ ಅಂತಲೇ ಬರೆದಿರುತ್ತೆ, ಹಾಗಾದರೆ ಇವುಗಳಲ್ಲಿ ವ್ಯತ್ಯಾಸ ಏನು ಅಂತ ಕೇಳಿದ್ದೀರಿ. ಇದೇ ಗೊಂದಲದಲ್ಲಿ ಒದ್ದಾಡಿದವಳು ನಾನು. ಕೊಳ್ಳುವ ಮೊದಲು ನಿಮ್ಮ ಕಣ್ಣಿನ ಕೆಳಗಿನ ಕಪ್ಪು ಯಾವ ಬಗೆಯದು ಅಂತ ನೋಡಿಕೊಳ್ಳಿ.

ಕಿಟಕಿ ಪಕ್ಕ ಕನ್ನಡಿ ಹಿಡಿದು, ಕಣ್ಣಿನ ಕೆಳಗಿನ ಚರ್ಮವನ್ನು ಮೆಲ್ಲಗೆ ಎಳೆಯಿರಿ. ಕಂದು ಬಣ್ಣ ಚರ್ಮದ ಜೊತೆಗೇ ಸರಿದರೆ ಅದು ಬಹುಶಃ ಪಿಗ್ಮೆಂಟೇಶನ್, ಅಂದರೆ ಚರ್ಮದಲ್ಲೇ ಸೇರಿಕೊಂಡ ಬಣ್ಣ. ನೀಲಿ-ನೇರಳೆ ಛಾಯೆಯಿದ್ದು, ಎಳೆದಾಗ ಇನ್ನೂ ಎದ್ದು ಕಂಡರೆ ಒಳಗಿನ ರಕ್ತನಾಳ. ಅಲ್ಲಿ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಅಷ್ಟೆ, ಕಾಣದೆ ಇನ್ನೇನು. ಈಗ ಗಲ್ಲ ಎತ್ತಿ ಬೆಳಕಿನ ಕಡೆ ಮುಖ ಮಾಡಿ. ಕಪ್ಪು ಹೆಚ್ಚುಕಡಿಮೆ ಮಾಯವಾಯಿತೇ? ಹಾಗಾದರೆ ಅದು ಬಣ್ಣವೇ ಅಲ್ಲ, ಗುಳಿಯ ನೆರಳು.

ನನ್ನದು ಈ ನೆರಳಿನ ಜಾತಿ. ಗೊತ್ತಾಗಿದ್ದು ಎರಡು ಟ್ಯೂಬ್ ಕೆಫೀನ್ ಜೆಲ್ ಖಾಲಿಯಾದ ಮೇಲೆ! ನೆರಳಿಗೆ ಜೆಲ್ ಹಚ್ಚಿದರೆ ಏನಾದೀತು? ಅದಕ್ಕಿರುವುದು ಕನ್ಸೀಲರ್ (ಚರ್ಮದ ಬಣ್ಣದ, ಕಪ್ಪು ಮುಚ್ಚುವ ಮೇಕಪ್), ಇಲ್ಲವೇ ಚರ್ಮರೋಗ ತಜ್ಞರ ಹತ್ತಿರ ಫಿಲ್ಲರ್, ಅಂದರೆ ಗುಳಿ ತುಂಬುವ ಚುಚ್ಚುಮದ್ದು. ನನಗೆ ಸೂಜಿ ಅಂದರೆ ಭಯ, ಕನ್ಸೀಲರ್‌ನಲ್ಲೇ ಇದ್ದೇನೆ. ನೀಲಿ ಛಾಯೆ ಇರುವವರು ಕನ್ಸೀಲರ್‌ನ ಅಡಿಯಲ್ಲಿ ಪೀಚ್ ಬಣ್ಣದ ಕರೆಕ್ಟರ್ (ಛಾಯೆ ಸರಿದೂಗಿಸುವ ಮೇಕಪ್) ತೆಳ್ಳಗೆ ಹಚ್ಚಿದರೆ ನೀಲಿ ಅಡಗುತ್ತೆ.

ಇನ್ನು ನಿಮ್ಮ ಪ್ರಶ್ನೆ. ಜೆಲ್, ಕ್ರೀಮ್, ಸೀರಮ್ ಅನ್ನುವುದು ಬರೀ ರೂಪ. ಕೆಲಸ ಮಾಡುವುದು ಒಳಗಿರುವ ಪದಾರ್ಥ. ಜೆಲ್ ನೀರುನೀರಾಗಿ ತಣ್ಣಗಿರುತ್ತೆ, ಬೆಳಗ್ಗೆ ಎದ್ದಾಗಿನ ಊತಕ್ಕೆ ಸರಿ. ಅದರಲ್ಲಿನ ಕೆಫೀನ್ ರಕ್ತನಾಳವನ್ನು ಕುಗ್ಗಿಸುತ್ತೆ, ಪರಿಣಾಮ ಕೆಲವು ಗಂಟೆ ಮಾತ್ರ. ಕ್ರೀಮಿನಲ್ಲಿ ಜಿಡ್ಡು ಹೆಚ್ಚು, ಒಣಗಿ ಗೆರೆ ಬಿದ್ದ ಚರ್ಮಕ್ಕೆ ಹಿತ. ನಿಜ ಹೇಳಬೇಕೆಂದರೆ, ಸುಗಂಧವಿಲ್ಲದ ಮಾಮೂಲಿ ಮಾಯಿಶ್ಚರೈಸರ್ ಕೂಡ ಬಹಳಷ್ಟು ಜನಕ್ಕೆ ಅದೇ ಕೆಲಸ ಮಾಡುತ್ತೆ. ದಪ್ಪ ಕ್ರೀಮ್ ಮೆತ್ತಿಕೊಂಡು ಗುಂಡುಸೂಜಿ ತಲೆಯಷ್ಟು ಬಿಳಿ ಗುಳ್ಳೆ ಎದ್ದರೆ, ಚಿವುಟದೆ ಕ್ರೀಮನ್ನೇ ನಿಲ್ಲಿಸಿ.

ಪಿಗ್ಮೆಂಟೇಶನ್ ಇರುವವರು ವಿಟಮಿನ್ ಸಿ ಅಥವಾ ನಿಯಾಸಿನಮೈಡ್ ಇರುವ ಸೀರಮ್ ನೋಡಿ. ಎರಡು-ಮೂರು ತಿಂಗಳಾದರೂ ಬೇಕು, ಜೊತೆಗೆ ಹಗಲು ಸನ್‌ಸ್ಕ್ರೀನ್ ಹಚ್ಚದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜಿಂಕ್ ಆಕ್ಸೈಡ್ ಇರುವುದು ಕಣ್ಣಿಗೆ ಉರಿಯುವುದು ಕಡಿಮೆ. ರೆಟಿನಾಲ್ (ವಿಟಮಿನ್ ಎ ಬಗೆಯದು) ಸಣ್ಣ ಗೆರೆಗಳಿಗೆ: ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ, ಗರ್ಭಿಣಿಯರು ಮುಟ್ಟಬಾರದು.

ಪ್ಯಾಚ್, ಅಂದರೆ ಕಣ್ಣಿನ ಕೆಳಗೆ ಸ್ವಲ್ಪ ಹೊತ್ತು ಅಂಟಿಸಿ ತೆಗೆಯುವ ಒದ್ದೆ ಪಟ್ಟಿ? ಫೋಟೊ ತೆಗೆಸಿಕೊಳ್ಳುವ ದಿನಕ್ಕೆ ಚೆಂದ. ಚರ್ಮ ನೀರುಂಡು ಉಬ್ಬಿ ನಯವಾಗಿ ಕಾಣುತ್ತೆ, ಸಂಜೆಗೆ ಮೊದಲಿನಂತೆ.

ಯಾವುದೇ ಆಗಲಿ, ಎರಡೂ ಕಣ್ಣಿಗೆ ಸೇರಿ ಒಂದು ಹೆಸರುಕಾಳಿನಷ್ಟು ಸಾಕು. ಉಂಗುರ ಬೆರಳಿನಿಂದ ಮೂಳೆಯ ಅಂಚಿನ ಮೇಲೆ ತಟ್ಟಿ, ರೆಪ್ಪೆಯ ಬುಡಕ್ಕೆ ಒಯ್ಯಬೇಡಿ. ಅಲರ್ಜಿಯಿಂದ ಕಣ್ಣು ತುರಿಸಿ ಉಜ್ಜುವ ಅಭ್ಯಾಸ ಇದ್ದರೆ ಮೊದಲು ಅಲರ್ಜಿಗೆ ಔಷಧಿ ತೆಗೆದುಕೊಳ್ಳಿ, ಉಜ್ಜಿದಷ್ಟೂ ಕಪ್ಪಾಗುತ್ತೆ. ಒಂದೇ ಕಣ್ಣಿನ ಕೆಳಗೆ ಊತ ಬಂದು ಇಳಿಯದಿದ್ದರೆ ಕ್ರೀಮ್ ಹುಡುಕುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.